ಖಲಿಯಾ ಅಂದರೆ ನಮ್ಮ ಮನೆ

೧೫ ಜೂನ್ ೧೯೪೧, ರವಿವಾರ. ಆಳಂದ

ಇದನ್ನು ಕನ್ನಡದಲ್ಲಿ ಬರೆಯಲು ಕಾರಣ ಒಂದೇ. ಅಬ್ಬಾಗೆ ಕನ್ನಡ ಮಾತಾಡಲು ಬರುತ್ತದೆ, ಬೈಯಲು ಇನ್ನೂ ಚೆನ್ನಾಗಿ ಬರುತ್ತದೆ, ಓದಲು ಬರುವುದಿಲ್ಲ. ಅಬ್ಬಾನ ಅಕ್ಕ, ನಮ್ಮ ಫುಪ್ಪಮ್ಮ ಬೀಬಿಜಾನ, ಅವರಿಗೆ ಯಾವುದೂ ಓದಲು ಬರುವುದಿಲ್ಲ. ಭಾಯಿ ಗೌಸಮೊಹಿದ್ದೀನ ಜೇವರ್ಗಿಯ ಕಚೇರಿಯಲ್ಲಿ ಗುಮಾಸ್ತ, ಅವನು ಉರ್ದು ಬಿಟ್ಟು ಬೇರೆ ಅಕ್ಷರ ಮುಟ್ಟುವುದಿಲ್ಲ. ನನಗೆ ಕನ್ನಡ ಕಲಿಸಿದ್ದು ಪಕ್ಕದ ಮನೆ ಭಾಗಮ್ಮನ ಅಪ್ಪ. ಅವರು ಮಗಳಿಗೆ ಕಲಿಸಲು ಕಟ್ಟೆಗೆ ಬಂದು ಕೂತಾಗ ನಾನು ಮೊದಲೇ ಕೂತಿರುತ್ತಿದ್ದೆ, ಎದ್ದು ಹೋಗು ಅನ್ನಲು ಅವರಿಗೆ ಸಂಕೋಚ. ಭಾಗಮ್ಮ ಎಲ್ಲ ಮರೆತಳು, ನನಗೆ ಉಳಿಯಿತು.

ಈಗಂತೂ ಅಬ್ಬಾ ಯಾವುದನ್ನೂ ಓದುವ ಸ್ಥಿತಿಯಲ್ಲಿಲ್ಲ. ಹೋದ ತಿಂಗಳು ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು, ಎಲ್ಲ ಒಂದೇ ಮಧ್ಯಾಹ್ನ ಹೋದವು. ಅವತ್ತು ಬೆಳಿಗ್ಗೆಯೇ ನಾನು ಧೈರ್ಯ ಮಾಡಿ ಕೇಳಿದ್ದೆ, ಹೈದರಾಬಾದಿನಲ್ಲಿ ಉಸ್ತಾನಿಯರಿಗೆ, ಅಂದರೆ ಪಾಠ ಹೇಳುವ ಹೆಂಗಸರಿಗೆ, ಟ್ರೇನಿಂಗ್ ಇದೆ, ಹೋಗಲೇ ಎಂದು. "ನೋಡೂಣು" ಅಂದರು. ತಹಶೀಲಿನಲ್ಲಿ ಅರ್ಜಿಗಳನ್ನು ಸಾಹೇಬರ ಮುಂದಿಡುವ ಪೇಶಕಾರರಾಗಿದ್ದವರು, ಯಾವ ಅರ್ಜಿಗೂ ಮೊದಲ ದಿನ ಅದೇ ಉತ್ತರ. ಎರಡನೆಯ ದಿನ ಬರಲಿಲ್ಲ.

ನಾನು ಕಲಿಸುವ ಹೆಣ್ಣುಮಕ್ಕಳ ಸರ್ಕಾರಿ ಮದರಸಾದ ಮುಖ್ಯಸ್ಥೆ, ಸದರ್ ಉಸ್ತಾನಿ ಮದೀನಾಬಿ, ಸ್ಪಷ್ಟವಾಗಿ ಹೇಳಿದ್ದಾರೆ. ಟ್ರೇನಿಂಗ್ ಆದವರು ಉಳಿಯುತ್ತಾರೆ, ಆಗದವರು ಮನೆಗೆ. ಆಗಸ್ಟ್ ಮುಗಿಯುವುದರೊಳಗೆ ಹೆಸರು ಹೋಗಬೇಕು, ಜೊತೆಗೆ ಮನೆಯ ಹಿರಿಯರ ಒಪ್ಪಿಗೆ ಬೇಕು. ಅಫಜಲಪುರದಲ್ಲಿ ಗಂಡ ತೀರಿದ ಮೇಲೆ ತವರಿಗೆ ಬಂದವಳು ನಾನು. ಕೆಲಸ ಹೋದರೆ ನನಗೆ ಉಳಿಯುವುದು ಒಲೆ ಮುಂದಿನ ಮಣೆ. ಅದರ ಮೇಲೆ ಫುಪ್ಪಮ್ಮ ಮೊದಲೇ ಕೂತಿದ್ದಾರೆ.

ಈ ಪುಸ್ತಕ ಕೊಳ್ಳುವ ಮೊದಲು ಅಬ್ಬಾನನ್ನು ಕೇಳಿದೆ. "ಹೂಂ" ಅಂದರು. ಈಗ ಅವರ ಬಾಯಲ್ಲಿ ಉಳಿದಿರುವುದು ಅದೊಂದೇ.

೨೩ ಜೂನ್, ಸೋಮವಾರ

ಏಳನೇ ಜಮಾತಿನ, ಅಂದರೆ ಏಳನೇ ತರಗತಿಯ, ಸೈನ್ಸ್ ನನ್ನ ಕೊರಳಿಗೆ ಬಿದ್ದಿದೆ. ಪುಸ್ತಕ ಉರ್ದುವಿನದು. ಗಿಡ, ದನ, ಮನುಷ್ಯ, ಜೀವ ಇರುವ ಎಲ್ಲವೂ ಕಣ್ಣಿಗೆ ಕಾಣದ ಸಣ್ಣ ಸಣ್ಣ ಕೋಶಗಳಿಂದ ಆಗಿವೆ, ಒಂದೊಂದಕ್ಕೂ ಖಲಿಯಾ ಎಂದು ಹೆಸರು, ಅದರ ನಡುವೆ ಇರುವುದು ಮರ್ಕಜಾ. ಹುಡುಗಿಯರು ಕಣ್ಣು ಮುಚ್ಚಿ ಬಾಯಿಪಾಠ ಮಾಡಿದರು. ಗಾಣದ ಮನೆಯ ಚಂದಮ್ಮ ಮಾತ್ರ ಕಣ್ಣು ತೆರೆದಿದ್ದಳು. ಇದು ಕೆಟ್ಟ ಲಕ್ಷಣ.

"ಉಸ್ತಾನಿಬಿ, ಖಲಿಯಾ ಎಲ್ಲಿರ್ತದ್ರಿ?"

"ನಿನ್ನ ಮೈಯಾಗೇ ಅದ."

ಅವಳು ತನ್ನ ಕೈಯನ್ನು ಒಂದು ಮಗ್ಗುಲು ನೋಡಿದಳು, ತಿರುಗಿಸಿ ಇನ್ನೊಂದು ಮಗ್ಗುಲು ನೋಡಿದಳು. "ಇಲ್ಲೇನಿಲ್ರಿ" ಅಂದಳು.

ಇಂಥದನ್ನು ತೋರಿಸುವ ಭೂತಗನ್ನಡಿ ಕಲಬುರ್ಗಿಯಲ್ಲಿದೆಯಂತೆ. ಅದನ್ನು ನೋಡಿದವರನ್ನೂ ನಾನು ನೋಡಿಲ್ಲ. ಒಂದು ಉಳ್ಳಾಗಡ್ಡಿ ತರಿಸಿ, ಒಳಗಿನ ತೆಳ್ಳನೆ ಪೊರೆ ಬಿಡಿಸಿ ಬೆಳಕಿಗೆ ಹಿಡಿದೆ. ಜಮಾತಿಗೆ ಜಮಾತೇ ಕಣ್ಣೀರು ಹಾಕಿತು, ತಿಳಿವಳಿಕೆ ಬರಲಿಲ್ಲ. ಕೊನೆಗೆ ಹಲಗೆಯ ಮೇಲೆ ಒಂದು ಮನೆ ಬರೆದೆ. ಖಲಿಯಾ ಅಂದರೆ ಇದು ಅಂದೆ. ಬೇರೆಯವರ ಮನೆ ಒಳಗಿನಿಂದ ಅಷ್ಟು ಗೊತ್ತಿಲ್ಲದ್ದರಿಂದ ನಮ್ಮದನ್ನೇ ಬರೆದೆ.

೨೫ ಜೂನ್, ಬುಧವಾರ

ಮನೆ ಚೆನ್ನಾಗಿ ಕೂತಿತು. ಹೊರಗೆ ಕಲ್ಲಿನ ಗೋಡೆ. ಅದು ಗಿಡದ ಖಲಿಯಾಕ್ಕೆ ಮಾತ್ರ. ಪ್ರಾಣಿಯದಕ್ಕೆ ಗೋಡೆ ಇಲ್ಲ, ಡೇರೆ ಇದ್ದ ಹಾಗೆ. ಅಡುಗೆಮನೆಯೇ ಎಲೆಯೊಳಗಿನ ಹಸಿರು ಕಣ. ಮೇಲೆ ಬೆಳಕಿಂಡಿ ಇದ್ದರೆ, ಬಿಸಿಲು ಬಿದ್ದರೆ, ಅಲ್ಲಿ ಅನ್ನ ಆಗುತ್ತದೆ. ನೆಲದ ಕೆಳಗೆ ಜೋಳ ತುಂಬುವ ಹಗೇವು ಇದೆಯಲ್ಲ, ಖಲಿಯಾದಲ್ಲೂ ಅಂಥದೊಂದು ಕೂಡಿಡುವ ಜಾಗ ಇದೆ, ಅದರಲ್ಲಿ ಜೋಳದ ಬದಲು ನೀರಿರುತ್ತದೆ. ಎಲ್ಲದರ ನಡುವೆ ಅಂಬಲಿಯ ಹಾಗೆ ಹರಡಿಕೊಂಡ ಜೀವರಸ. ಮನೆ ಅಂದ ಮೇಲೆ ಎಲ್ಲಿಂದೆಲ್ಲಿಗೂ ತಿರುಗಾಡುವ ಜಾಗ ಬೇಕಲ್ಲ, ಅದೇ ಅಂದೆ. ಆಡು ಕಟ್ಟುವ ಮೂಲೆಯನ್ನೂ ಬರೆದಿದ್ದೆ. ಅದಕ್ಕೆ ಖಲಿಯಾದಲ್ಲಿ ಏನೂ ಸಿಗದೆ ಅಳಿಸಿದೆ.

"ಉಳ್ಳಾಗಡ್ಡ್ಯಾಗ ಹಸರ ಇಲ್ಲಲ್ರಿ. ಅದಕ್ಕ ಅಡಗಿಮನಿ ಇಲ್ಲೇನ್ರಿ?" ಎಂದು ಚಂದಮ್ಮ.

"ಇಲ್ಲ. ಮ್ಯಾಲಿನ ಎಲಿ ಮಾಡಿ ಕಳಸ್ತದ, ಅದು ಕುಂತು ತಿಂತದ." ಭಾಯಿಯ ನೆನಪಾಯಿತು.

ನಡುವಿನ ಕೋಣೆ ಅಬ್ಬಾನದು. ಅದು ಮರ್ಕಜಾ. ಹುಕುಂ ಎಲ್ಲ ಅಲ್ಲಿಂದ ಹೊರಡುತ್ತದೆ, ಉಳಿದವರು ನಡೆಸಬೇಕು. ಇದು ಎಲ್ಲರಿಗೂ ತಟ್ಟನೆ ತಿಳಿಯಿತು. ಎಲ್ಲರ ಮನೆಯಲ್ಲೂ ಒಂದು ನಡುವಿನ ಕೋಣೆ ಇದೆ.

ತೊಡಕಾದದ್ದು ಪರದೆಯದು. ಗೋಡೆಗೆ ಒಳಗಿನಿಂದ ಅಂಟಿಕೊಂಡು ಒಂದು ತೆಳ್ಳನೆ ಪರದೆ ಇದೆ, ಬೇಕಾದ್ದನ್ನು ಒಳಗೆ ಬಿಡುತ್ತದೆ, ಬೇಡವಾದ್ದನ್ನು ಬಿಡುವುದಿಲ್ಲ ಎಂದು ಪುಸ್ತಕ. ನಮ್ಮ ಮನೆಗೆ ಬೀದಿಯಿಂದ ಒಳಬರುವ ದೇವಡಿಯ ಬಾಗಿಲಿಗೆ ಹಾಕಿದ ಪರದೆ ತೋರಿಸಿದೆ. ಚಂದಮ್ಮ ಒಪ್ಪಲಿಲ್ಲ.

"ಅದು ಬಟ್ಟೀರಿ. ಯಾರನ್ನ ಬಿಡಬೇಕು ಯಾರನ್ನ ಬಿಡಬಾರ್ದು, ಬಟ್ಟಿಗಿ ಹ್ಯಾಂಗ ತಿಳೀತದ್ರಿ?"

ನಾಳೆ ಹೇಳುತ್ತೇನೆ ಅಂದೆ. ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಕೇಳಿದಳು. "ಮರ್ಕಜಾಕ್ಕ ಜಡ್ಡಾದ್ರ?"

ಅದನ್ನೂ ನಾಳೆ ಹೇಳುತ್ತೇನೆ ಅಂದೆ.

೪ ಜುಲೈ, ಶುಕ್ರವಾರ

ರಜೆ. ಮಳೆ.

ಫುಪ್ಪಮ್ಮ ಅಬ್ಬಾನ ಹೂಂಗೆ ವ್ಯಾಕರಣ ಕಟ್ಟಿದ್ದಾರೆ. ಗಿಡ್ಡ ಹೂಂ ಅಂದರೆ ಆಗಲಿ. ಉದ್ದ ಹೂಂ ಅಂದರೆ ಬೇಡ. ಎರಡರ ನಡುವಿನದು ಬಂದರೆ ನೀರು ಕೇಳುತ್ತಿದ್ದಾರೆ. ಬೆಳಿಗ್ಗೆ ಮಂಚದ ಹತ್ತಿರ ಕೂತು ಒಂದೊಂದೇ ಕಾಯಿಪಲ್ಲೆಯ ಹೆಸರು ಹೇಳುತ್ತಾರೆ, ಗಿಡ್ಡ ಹೂಂ ಬಿದ್ದಲ್ಲಿ ನಿಲ್ಲುತ್ತಾರೆ. ಮೊದಲು ಬದನೆಕಾಯಿ ಹೇಳುವುದರಿಂದ ವಾರವಿಡೀ ಬದನೆಕಾಯಿ.

ಟ್ರೇನಿಂಗಿನ ವಿಷಯ ಇವತ್ತು ಮತ್ತೆ ಕೇಳಿದೆ. ಅಬ್ಬಾ ಹೂಂ ಅಂದರು.

"ಉದ್ದ ಇತ್ತು" ಅಂದರು ಫುಪ್ಪಮ್ಮ.

"ನನಗ ಗಿಡ್ಡ ಅನಸ್ತು."

"ಹುಟ್ಟಿದಾಗಿಂದ ಅವನ ದನಿ ಕೇಳೇನಿ. ನಿನಕಿಂತ ನನಗ ಹೆಚ್ಚಿಗಿ ಗೊತ್ತು."

ಮಧ್ಯಾಹ್ನ ಪಡಸಾಲೆಯಲ್ಲಿ ಮಾಳಿಗೆ ಸೋರಲು ಶುರುವಾಯಿತು. ಪ್ರತಿ ವರ್ಷ ಮಳೆಗಾಲದ ಮೊದಲು ಅಬ್ಬಾ "ಮಣ್ಣು ಹಾಕಸ್ರಿ" ಅನ್ನುತ್ತಿದ್ದರು, ಆಳು ಬಂದು ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿದು ಹೋಗುತ್ತಿದ್ದರು. ಈ ವರ್ಷ ಅವರು ಅನ್ನಲಿಲ್ಲ. ಅದಕ್ಕೆ ಹಾಕಿಸಿಲ್ಲ. ಫುಪ್ಪಮ್ಮ ಸೋರುವಲ್ಲಿ ಪಾತ್ರೆ ಇಟ್ಟರು. ಪಾತ್ರೆ ಇಡುವುದಕ್ಕೆ ಹುಕುಂ ಬೇಕಿಲ್ಲ.

೧೦ ಜುಲೈ, ಗುರುವಾರ

ದವಾಖಾನೆಯ ಡಾಕ್ಟರ್ ದೌಲತರಾಯ ಅಬ್ಬಾನನ್ನು ನೋಡಲು ಬಂದಿದ್ದರು. ನಾನು ಪರದೆಯ ಹಿಂದೆ, ಫುಪ್ಪಮ್ಮ ಪರದೆಯ ಅಂಚು ಹಿಡಿದು ನಡುವೆ. ಇಂಥ ಮನುಷ್ಯ ಮತ್ತೆ ಯಾವಾಗ ಸಿಗುತ್ತಾರೋ ಎಂದು ಕೇಳಿಯೇಬಿಟ್ಟೆ.

"ಡಾಕ್ಟರ್ ಸಾಹೇಬ್ರ, ಮರ್ಕಜಾ ಇಲ್ದ ಖಲಿಯಾ ಬದುಕ್ತದೇನ್ರಿ?"

ಆ ಕಡೆ ಔಷಧದ ಪೆಟ್ಟಿಗೆ ಮುಚ್ಚಿದ ಸದ್ದು. "ಯಾರು ಕೇಳಾಕತ್ತಾರ್ರಿ?"

"ಏಳನೇ ಜಮಾತು."

"ಬದುಕ್ತದ್ರಿ" ಅಂದರು. "ನಮ್ಮ ನೆತ್ತರದಾಗಿನ ಕೆಂಪು ಖಲಿಯಾ ನೋಡ್ರಿ. ಹುಟ್ಟೋ ಮುಂದ ಮರ್ಕಜಾ ಇರ್ತದ, ಬೆಳದಮ್ಯಾಲ ಹೋಗಿಬಿಡ್ತದ. ಅದಿಲ್ದೇನ ಮೈತುಂಬ ತಿರಗ್ಯಾಡಿ ಕೆಲಸ ಮಾಡ್ತಾವ. ಮೊದಲ ಸಿಕ್ಕ ಗಂಟಿನ ಮ್ಯಾಲ ನಡೀತಿರ್ತಾವ. ಆದ್ರ ಹರದ್ರ ಹೊಲ್ಕೊಳ್ಳಾಕ ಬರಂಗಿಲ್ಲ, ಹೊಸಾದೇನೂ ಮಾಡಾಕ ಬರಂಗಿಲ್ಲ. ಹಂಗೇ ಸವದು ಸವದು ಹೋಗಿಬಿಡ್ತಾವ."

ನಾನು ಶುಕ್ರಿಯಾ ಹೇಳಿದೆ. ಅವರು ಮುಲಾಮು ಬರೆದುಕೊಟ್ಟು ಹೋದರು.

ಫುಪ್ಪಮ್ಮನಿಗೆ ಇದರಲ್ಲಿ ತಿಳಿದದ್ದು ಇಷ್ಟು, ತಮ್ಮನ ನೆತ್ತರಿನ ನಡುವೆ ಏನೋ ಇರಬೇಕಾದ್ದು ಹೋಗಿಬಿಟ್ಟಿದೆ. ಸಂಜೆ ದರ್ಗಾಕ್ಕೆ ಹೋಗಿ ಅದನ್ನೇ ಹೇಳಿ ದಾರ ಮಂತ್ರಿಸಿಕೊಂಡು ಬಂದರು. ಅಬ್ಬಾನ ಎಡಗೈಗೆ ಕಟ್ಟಲೇ ಎಂದು ಕೇಳಿದರು. ಗಿಡ್ಡ ಹೂಂ ಬಂತು.

೧೨ ಜುಲೈ, ಶನಿವಾರ

ಜಮಾತಿಗೆ ಕೆಂಪು ಖಲಿಯಾದ ಕಥೆ ಹೇಳಿದೆ. ಚಂದಮ್ಮ, "ಹರಿದಿದ್ದು ಹೊಲ್ಕೊಳ್ಳಾಕ ಬರಂಗಿಲ್ಲಂದ್ರ ಏನ್ ಚಂದ್ರಿ" ಅಂದಳು. ಪ್ಯಾರಿಬಿ ಎಂಬ ಹುಡುಗಿ ಅತ್ತಳು. ಅವಳು ಉಳ್ಳಾಗಡ್ಡಿ ಇಲ್ಲದೆಯೂ ಅಳುತ್ತಾಳೆ.

ಬರುವ ದಾರಿಯಲ್ಲಿ ಪೀರಪ್ಪ ಸಿಕ್ಕ, ಮಾಳಿಗೆ ಕೆಲಸದವನು. ನಾಳೆ ಮಳೆ ಬಿಟ್ಟರೆ ಬಂದು ಮಣ್ಣು ಹಾಕು ಅಂದೆ. ಮಸಿ ತೀರುತ್ತ ಬಂದಿದೆ, ತರಿಸಬೇಕು.

೧೪ ಜುಲೈ, ಸೋಮವಾರ

ಪೀರಪ್ಪ ನಿನ್ನೆ ಹೊರಗಿನಿಂದ ನಿಚ್ಚಣಿಕೆ ಹಚ್ಚಿ ಮಾಳಿಗೆ ಏರಿದ್ದನ್ನು ನೋಡಿ ಫುಪ್ಪಮ್ಮ, "ಯಾರು ಹೇಳಿದ್ರು ಇವಗ?" ಅಂದರು.

"ಮಳಿ" ಅಂದೆ.

ದೇವಡಿ ಮೂಲೆಯ ತೊಲೆಯನ್ನೂ ಹುಳ ತಿಂದಿದೆಯಂತೆ. ಬದಲಿಸು ಅಂದೆ. ಮಸಿ ತರಿಸಿದೆ, ನೀಲಿ.

೩೦ ಜುಲೈ, ಬುಧವಾರ

ಪಂಚಮಿಯ ಉಂಡಿ ಚಂದಮ್ಮನ ಮನೆಯಿಂದ ಬಂತು. ಶೇಂಗಾದ್ದು, ಎಳ್ಳಿನದು. ಎಳ್ಳಿನ ಉಂಡಿ ಎರಡು ನಾನೇ ತಿಂದೆ.

ಭಾಗಮ್ಮ ಉಂಡಿಯ ಜೊತೆ ಸುದ್ದಿಯನ್ನೂ ತಂದಳು.

"ಏನ್ ಬೇ ನಜಮಾ, ನಿಮ್ಮ ಮನಿ ಹಗೇವು ಅಡಗಿಮನಿ ಎಡಕ್ಕ ಅದಂತಲ್ಲ? ಇಷ್ಟು ವರ್ಷ ನಾ ಬಲಕ್ಕಂತ ತಿಳ್ಕೊಂಡಿದ್ದೆ."

ಯಾರು ಹೇಳಿದರು ಅಂದೆ. ಊರು ಹೇಳಿತು ಅಂದಳು. ಹುಡುಗಿಯರು ಪಾಠವನ್ನು ಮನೆಗೆ ಒಯ್ದಿದ್ದಾರೆ, ಅದು ನಾನೇ ಒಯ್ಯಿರಿ ಎಂದದ್ದು. ಹಾಗೆ ಒಯ್ದದ್ದು ತಿರುಗಿ ಓಣಿಗೆ ಬಂದಿದೆ. ಈಗ ಓಣಿಯ ಮಕ್ಕಳು ಕುಂಟಬಿಲ್ಲೆಗೆ ಬರೆಯುವ ಮನೆಗಳೆಲ್ಲ ನಮ್ಮ ಮನೆ. ದೇವಡಿಯಲ್ಲಿ ಬಿಲ್ಲೆ ಎಸೆದು, ಪಡಸಾಲೆಗೆ ಕುಂಟಿ, ಹಗೇವಿನಲ್ಲಿ ಕಾಲಿಟ್ಟರೆ ಆಟ ಹೋಯಿತು. ನಡುವಿನ ಕೋಣೆಯಲ್ಲಿ ಎರಡೂ ಕಾಲೂರಿ ಉಸಿರು ತೆಗೆದುಕೊಳ್ಳಬಹುದು. ಅದಕ್ಕೆ "ಪೇಶಕಾರ್ ಸಾಹೇಬ್ರ ಮಂಚ" ಅಂತ ಹೆಸರು.

ಡಾಕ್ಟರರನ್ನು ಬಿಟ್ಟರೆ ಹೊರಗಿನ ಗಂಡಸು ನಮ್ಮ ಮನೆಯಲ್ಲಿ ದೇವಡಿ ದಾಟಿಲ್ಲ. ಜನಾನಾ ಎಲ್ಲಿದೆ, ಹೆಂಗಸರು ಎಲ್ಲಿ ಮಲಗುತ್ತಾರೆ, ಅಡುಗೆಮನೆಗೆ ಎಲ್ಲಿಂದ ಬೆಳಕು ಬೀಳುತ್ತದೆ, ಇದನ್ನೆಲ್ಲ ಅಬ್ಬಾ ನಲವತ್ತು ವರ್ಷ ಒಂದು ಪರದೆಯ ಹಿಂದೆ ಇಟ್ಟಿದ್ದರು. ನಾನು ಒಂದು ಸುಣ್ಣದ ಕಡ್ಡಿಯಲ್ಲಿ ಹೊರಗೆ ತಂದೆ. ಯೋಚನೆಯೇ ಬರಲಿಲ್ಲ. ಖಲಿಯಾ ತಿಳಿಯಲಿ ಎಂದಷ್ಟೇ ಇತ್ತು.

ಮದೀನಾಬಿ ಹಲಗೆ ಒರೆಸಲು ಹೇಳಿದರು. ಒರೆಸಿದೆ. ಓಣಿ ಒರೆಸುವವರು ಯಾರು?

೭ ಆಗಸ್ಟ್, ಗುರುವಾರ

ಭಾಯಿ ಬಂದ. ಕಾಲು ತೊಳೆಯುವ ಮೊದಲೇ ಶುರುಮಾಡಿದ.

"ನೆಲೋಗಿ ಸಂತ್ಯಾಗ ಒಬ್ಬವ ನನ್ನ ಹಿಡದು ಹೇಳಾಕತ್ತಾನ, ನಿಮ್ಮ ಮನ್ಯಾಗ ಆಡು ಎಲ್ಲಿ ಕಟ್ತೀರಂತ ಗೊತ್ತದ ಅಂತ! ನೆಲೋಗ್ಯಾಗ!"

"ಆಡು ಅಳಿಸಿದ್ನಲ್ಲ" ಅಂದೆ. ಅದು ಸರಿಯಾದ ಉತ್ತರವಲ್ಲ ಎಂದು ಆಮೇಲೆ ಗೊತ್ತಾಯಿತು.

ಮದರಸಾ ಬಿಡಬೇಕು, ನಾಳೆಯಿಂದಲೇ. ಹೈದರಾಬಾದ್ ಎಂಬ ಹೆಸರೇ ಈ ಮನೆಯಲ್ಲಿ ಎತ್ತಬಾರದು. ಜೊತೆಗೆ ನನಗೆ ಮದುವೆಯ ಒಂದು ನಿಸ್ಬತ್ ತಂದಿದ್ದಾನೆ. ಜೇವರ್ಗಿಯ ಅಮೀನರು, ಭಾಯಿಯ ಮೇಲಿನವರು. ಹೆಂಡತಿ ತೀರಿ ವರ್ಷವಾಗಿದೆ, ಮಕ್ಕಳಿದ್ದಾರೆ, ಮನೆ ದೊಡ್ಡದು. ಫುಪ್ಪಮ್ಮ ಅಲ್ಲಿಯೂ ಹಗೇವು ಇದೆಯೇ ಎಂದು ವಿಚಾರಿಸಿದರು. ಇದೆಯಂತೆ.

"ಅಬ್ಬಾನ ಕೇಳೂಣು" ಅಂದ ಭಾಯಿ. "ಮನಿ ಹಿರ್ಯಾರು ಅವರು. ಅವರು ಏನಂತಾರೋ ಅದು."

ನಾಳೆ ನಮಾಜು ಮುಗಿಸಿ ಬಂದ ಮೇಲೆ ಕೇಳುವುದೆಂದು ನಿಶ್ಚಯವಾಯಿತು.

ನಾನು ಹೆದರಿದ್ದೇನೆ. ಸುಮ್ಮನೆ ಬರೆದಿಡುತ್ತೇನೆ, ಹೆದರಿದ್ದೇನೆ. ಅಮೀನರು ಕೆಟ್ಟವರೆಂದಲ್ಲ. ಇನ್ನೊಬ್ಬರ ಮನೆಯ ನಡುವಿನ ಕೋಣೆಗೆ ಕಿವಿಗೊಟ್ಟು ಕೂರಲು ನನ್ನಿಂದಾಗದು.

೮ ಆಗಸ್ಟ್, ಶುಕ್ರವಾರ

ಎಲ್ಲರೂ ಮಂಚದ ಸುತ್ತ ಕೂತೆವು. ಭಾಯಿ ಗಂಟಲು ಸರಿಮಾಡಿಕೊಂಡ.

"ಅಬ್ಬಾ, ನಜಮಾ ಮದರಸಾ ಬಿಡಬೇಕಲ್ರಿ?"

"ಹೂಂ."

"ಗಿಡ್ಡ" ಅಂದರು ಫುಪ್ಪಮ್ಮ. ಭಾಯಿ ನನ್ನ ಕಡೆ ನೋಡಿದ. ಮುಗಿಯಿತು ಎಂಬ ನೋಟ.

ಜಮಾತಿನಲ್ಲಿ ಹುಡುಗಿಯರು ಹೌದು ಅಂದಾಗ ನಾನು ಪ್ರಶ್ನೆಯನ್ನು ತಿರುಗಿಸಿ ಕೇಳುತ್ತೇನೆ. ಉಳ್ಳಾಗಡ್ಡಿಗೆ ಗೋಡೆ ಇದೆಯೇ? ಹೌದ್ರಿ. ಗೋಡೆ ಇಲ್ಲವೇ? ಹೌದ್ರಿ. ಆಗ ತಿಳಿಯುತ್ತದೆ, ಮೊದಲಿನ ಹೌದು ಎಲ್ಲಿಂದ ಬಂದದ್ದೆಂದು. ಅದೇ ರೂಢಿಯಲ್ಲಿ ಬಾಯಿಗೆ ಬಂತು.

"ಅಬ್ಬಾ, ನಾ ಮದರಸಾದಾಗ ಇರಬೇಕಲ್ರಿ?"

"ಹೂಂ."

ಭಾಯಿ ಫುಪ್ಪಮ್ಮನ ಮುಖ ನೋಡಿದ. ನಾನೂ ನೋಡಿದೆ. ಫುಪ್ಪಮ್ಮ ಅಬ್ಬಾನ ಮುಖ ನೋಡುತ್ತಿದ್ದರು.

"ಉದ್ದಿತ್ತೋ ಗಿಡ್ಡಿತ್ತೋ?" ಅಂದ ಭಾಯಿ.

"ಒಂದೇ ಇತ್ತು."

ಭಾಯಿಗೆ ಸಿಟ್ಟು ಬಂತು. ಅಮೀನರಿಗೆ ಕೊಡೋಣವೇ ಎಂದು ಕೇಳಿದ, ಹೂಂ. ಬೇಡವೇ ಎಂದು ತಾನೇ ಕೇಳಿದ, ಹೂಂ. ಆಮೇಲೆ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

ಫುಪ್ಪಮ್ಮ ಮಂಚದ ಹತ್ತಿರ ಸರಿದು ಅಬ್ಬಾನ ಮುಖಕ್ಕೆ ಮುಖ ತಂದರು. ಈ ವಯಸ್ಸಿನಲ್ಲೂ ಅಬ್ಬಾನನ್ನು ಹೆಸರು ಹಿಡಿದು ಕರೆಯುವವರು ಅವರೊಬ್ಬರೇ.

"ಲಾಡ್ಲೆ, ನಾ ಯಾರು ಹೇಳಪಾ. ನಾ ನಿಮ್ಮಕ್ಕ ಬೀಬಿಜಾನ, ಹೌದಿಲ್ಲೋ?"

"ಹೂಂ."

ಫುಪ್ಪಮ್ಮನ ಮುಖ ಅರಳಿತು. ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ.

"ನಾ ಸತ್ತು ಹೋಗೇನೇನೋ?"

"ಹೂಂ" ಅಂದರು ಅಬ್ಬಾ. ಅದೇ ಹೂಂ.

ಮಾಳಿಗೆಯ ಮೇಲೆ ಗುಬ್ಬಿ ಕೆದರುವ ಸದ್ದು ಕೇಳುತ್ತಿತ್ತು. ಫುಪ್ಪಮ್ಮ ಎದ್ದು ಅಡುಗೆಮನೆಗೆ ಹೋದರು. ಅಲ್ಲಿ ಪಾತ್ರೆಯ ಸದ್ದೇ ಬರಲಿಲ್ಲ.

೯ ಆಗಸ್ಟ್, ಶನಿವಾರ

ಭಾಯಿ ಬೆಳಿಗ್ಗೆ ಹೋದ. ಹೋಗುವಾಗ, "ಇನ್ನ ಈ ಮನಿ ಹಿರ್ಯಾ ನಾ. ಹೈದರಾಬಾದ ಇಲ್ಲ. ಅಮೀನರ ಮಾತು ರಮ್ಜಾನ ಮುಗದಮ್ಯಾಲ ನೋಡೂಣು" ಅಂದ.

ನೋಡೂಣು ಅನ್ನುವಾಗ ದನಿ ಅಬ್ಬಾನದೇ.

ಫುಪ್ಪಮ್ಮ ಒಲೆ ಹಚ್ಚಲಿಲ್ಲ.

೧೨ ಆಗಸ್ಟ್, ಮಂಗಳವಾರ

ನಾನೇ ಅಡುಗೆ ಮಾಡುತ್ತಿದ್ದೇನೆ. ಫುಪ್ಪಮ್ಮ ಅಬ್ಬಾನ ಕಾಲ ಹತ್ತಿರ ಕೂತಿರುತ್ತಾರೆ. ಏನೂ ಕೇಳುವುದಿಲ್ಲ. ಅಬ್ಬಾ ಆಗಾಗ ತಾವಾಗಿಯೇ ಹೂಂ ಅನ್ನುತ್ತಾರೆ, ಯಾರೂ ಅರ್ಥ ಹೇಳುವುದಿಲ್ಲ.

ಇವತ್ತು ರೊಟ್ಟಿ ಬಡಿಯುತ್ತ ನನಗೆ ಅಳು ಬಂತು, ಬಹಳ ಹೊತ್ತು ಅತ್ತೆ. ಅಬ್ಬಾ ಇಲ್ಲೇ ಮಂಚದ ಮೇಲಿದ್ದಾರೆ, ಕೈ ಬೆಚ್ಚಗಿದೆ. ಆದರೂ ನನ್ನನ್ನು ಬೈಯುತ್ತಿದ್ದ ಅಬ್ಬಾ ಮೇ ತಿಂಗಳಲ್ಲೇ ಹೋಗಿದ್ದರು, ನಾವು ಆಗಸ್ಟಿನಲ್ಲಿ ತಿಳಿದುಕೊಂಡೆವು. ಅವರ ಬಾಯಿಂದ ಒಪ್ಪಿಗೆ ಇನ್ನು ಬರುವುದಿಲ್ಲ. ರೊಟ್ಟಿ ಸೀದವು.

ಮೂಲೆಯ ಹೊಸ ತೊಲೆ ಕೂತಿತು.

೨೧ ಆಗಸ್ಟ್, ಗುರುವಾರ

ಮದೀನಾಬಿ ಮತ್ತೆ ಕೇಳಿದರು. ಮನೆಯ ಹಿರಿಯರು ಒಪ್ಪಿಲ್ಲ ಅಂದೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಇನ್ನೂ ಕೆಲವು ದಿನ ಇದೆಯಲ್ಲ ಅಂದರು. ಒಳ್ಳೆಯ ಹೆಂಗಸು. ಆದರೆ ಅವರಿಗೂ ಮೇಲಿನವರಿದ್ದಾರೆ.

ಇದನ್ನೆಲ್ಲ ಮನೆಗೆ ಬಂದು ಫುಪ್ಪಮ್ಮನ ಮುಂದೆ ಹೇಳಿದೆ. ಹೇಳಲು ಬೇರೆ ಯಾರಿದ್ದಾರೆ. ಅವರು ಅಬ್ಬಾನ ಕಾಲೊತ್ತುತ್ತ ಇದ್ದರು, ಒತ್ತುತ್ತಲೇ ಇದ್ದರು.

೨೭ ಆಗಸ್ಟ್, ಬುಧವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಮುಂದಿನ ವಾರ ತಪಾಸಣೆ ಇರುವುದರಿಂದ ಜಮಾತಿನಲ್ಲಿ ಖಲಿಯಾ ಮತ್ತೆ ಓದಿಸುತ್ತಿದ್ದೆ. ಬರೆಯುವುದು ಬೇಡ, ಬಾಯಲ್ಲಿ ಹೇಳಿ ಅಂದಿದ್ದೆ. ಚಂದಮ್ಮನಿಗೆ ಬಾಯಲ್ಲಿ ಹೇಳಲು ಬರುವುದಿಲ್ಲ, ಕೈಗೆ ಸುಣ್ಣದ ಕಡ್ಡಿ ಬೇಕು. ಅವಳು ಹಲಗೆಯ ಮೇಲೆ ನಮ್ಮ ಮನೆ ಬರೆದು ಮುಗಿಸುವಾಗ ಬಾಗಿಲಲ್ಲಿ ಬುರಖಾ ತೊಟ್ಟ ಒಬ್ಬರು ನಿಂತಿದ್ದರು, ಜೊತೆಗೆ ಭಾಗಮ್ಮ. ನಡಿಗೆ ನೋಡಿದ ಮೇಲೆ ಫುಪ್ಪಮ್ಮ ಎಂದು ತಿಳಿಯಿತು. ದರ್ಗಾ ಬಿಟ್ಟರೆ ಅವರು ಮನೆಯಿಂದ ಹೊರಬಿದ್ದದ್ದು ನನ್ನ ಮದುವೆಗೆ ಅಫಜಲಪುರಕ್ಕೆ.

ಮದೀನಾಬಿ ಓಡಿ ಬಂದು ಕುರ್ಚಿ ಕೊಟ್ಟರು. ಫುಪ್ಪಮ್ಮ ಕೂರದೆ ನೇರ ಹಲಗೆಯ ಮುಂದೆ ನಿಂತರು. ಮುಖದ ಪರದೆ ಎತ್ತಿ ನೋಡಿದರು.

"ಊರ ಮಂದಿ ಆಡ್ಕೊಳ್ಳೋದು ಇದೇ ಏನ?"

"ಖಲಿಯಾ ರೀ, ಅಮ್ಮಾ" ಅಂದಳು ಚಂದಮ್ಮ.

ಫುಪ್ಪಮ್ಮ ಬೆರಳಿಟ್ಟು ನೋಡುತ್ತ ಹೋದರು. ಗೋಡೆ, ಹಗೇವು, ಅಡುಗೆಮನೆ, ತಮ್ಮನ ಕೋಣೆ. ಒಂದು ಸುತ್ತು ಮುಗಿಸಿ ಇನ್ನೊಂದು ಸುತ್ತು ಬಂದರು.

"ಇದರಾಗ ನಾ ಎಲ್ಲಿ ಅದೇನಿ?"

ಇಷ್ಟು ದಿನ ಎಲ್ಲ ಬರೆದಿದ್ದೆ, ಆಡಿನ ಮೂಲೆಯನ್ನು ಬರೆದು ಅಳಿಸಿದ್ದೆ. ಅವರನ್ನು ಬರೆದಿರಲೂ ಇಲ್ಲ, ಅಳಿಸಿರಲೂ ಇಲ್ಲ.

ಚಂದಮ್ಮ ಸುಣ್ಣದ ಕಡ್ಡಿ ಹಿಡಿದು ಗೋಡೆಯ ಒಳಮಗ್ಗುಲಿಗೆ ಸುತ್ತಲೂ ಒಂದು ತೆಳ್ಳನೆ ಗೆರೆ ಎಳೆದಳು. "ಇದು ನೀವ್ರಿ. ಗ್ವಾಡಿಗಿ ಹತ್ಕೊಂಡು ಇರೋದಕ್ಕ ಕಾಣಂಗಿಲ್ಲಂತ್ರಿ. ಒಳಗ ಯಾರನ್ನ ಬಿಡಬೇಕು, ಹೊರಗ ಯಾರನ್ನ ಕಳಸಬೇಕು, ಎಲ್ಲ ಇದರ ಕೈಯಾಗ. ಉಸ್ತಾನಿಬಿ ಬಟ್ಟಿ ಅಂದ್ರು, ಬಟ್ಟಿಗಿ ತಿಳ್ಯಂಗಿಲ್ರಿ. ಬಟ್ಟಿ ಹಿಡದು ನಿಂತವ್ರಿಗಿ ತಿಳೀತದ."

"ಇದಿಲ್ದಿದ್ರ?"

"ರಸ ಎಲ್ಲ ಹರದು ಹೋಗಿ ಖಲಿಯಾ ಸಾಯ್ತದ್ರಿ."

ಫುಪ್ಪಮ್ಮ ಆ ಗೆರೆಯನ್ನು ನೋಡುತ್ತ ನಿಂತರು. ಆಮೇಲೆ ಮದೀನಾಬಿಯ ಕಡೆ ತಿರುಗಿದರು.

"ಮನಿ ಹಿರ್ಯಾರ ಒಪ್ಪಿಗಿ ಬೇಕಂದಿರಂತ."

"ಹೌದ್ರಿ. ಸಾಹೇಬ್ರಿಗಿ ಮಾತಿಲ್ಲ, ಗೌಸಮೊಹಿದ್ದೀನ ಅವರು..."

"ಗೌಸ್ಯಾನ್ನ ನಾ ಎತ್ತಾಡ್ಸೇನಿ. ಅವರಪ್ಪನ್ನೂ ನಾನೇ ಎತ್ತಾಡ್ಸೇನಿ. ಆ ಮನ್ಯಾಗ ನನಕಿಂತ ಹಿರ್ಯಾರು ಯಾರೂ ಇಲ್ಲ." ಒಂದು ಕೈ ಹಲಗೆಯ ಮೇಲೇ ಇತ್ತು. "ಇಷ್ಟು ದಿನ ತಮ್ಮ ಅಂದ, ತಮ್ಮ ಬ್ಯಾಡಂದ ಅಂತಿದ್ದೆ. ಈಗ ನಾ ಹೇಳಾಕತ್ತೇನಿ. ಇಕಿ ಹೈದರಾಬಾದಕ್ಕ ಹೋಗ್ತಾಳ. ಬರಕೊಳ್ರಿ."

ಮದೀನಾಬಿ ಬರೆದುಕೊಂಡರು. ಫುಪ್ಪಮ್ಮನ ಹೆಸರು ಕೇಳಿದರು. ಫುಪ್ಪಮ್ಮ ತಮ್ಮ ಹೆಸರನ್ನು ಎರಡು ಸಲ ಹೇಳಿದರು.

ದಾರಿಯಲ್ಲಿ ಫುಪ್ಪಮ್ಮ ಭಾಗಮ್ಮನ ಕೈ ಹಿಡಿದು ಬಂದರು. ಮನೆ ಹತ್ತಿರ ಬಂದಾಗ ಓಣಿಯಲ್ಲಿ ಮಕ್ಕಳು ಕುಂಟಬಿಲ್ಲೆ ಆಡುತ್ತಿದ್ದವು. "ಏ, ಸರೀರ್ಲೇ, ನಮ್ಮ ಮನ್ಯಾಗ ನಮಗ ಹೋಗಾಕ ಬಿಡ್ರಿ" ಎಂದು ಗದರಿ ಮುಂದೆ ನಡೆದರು.

೨ ಸಪ್ಟೆಂಬರ್, ಮಂಗಳವಾರ

ತಪಾಸಣೆ ಆಯಿತು. ಬಂದವರು ಖಲಿಯಾ ಎಂದರೇನು ಎಂದು ಪ್ಯಾರಿಬಿಯನ್ನು ಕೇಳಿದರು. ಅವಳು ಪುಸ್ತಕದಲ್ಲಿದ್ದ ಹಾಗೇ ಕಣ್ಣು ಮುಚ್ಚಿ ಹೇಳಿದಳು. ಅವರಿಗೆ ಬಹಳ ಸಂತೋಷವಾಯಿತು.

೧೦ ಸಪ್ಟೆಂಬರ್, ಬುಧವಾರ

ಅಬ್ಬಾನನ್ನು ಎತ್ತಿ ಕೂರಿಸಲು ಪೀರಪ್ಪ ದಿನಾ ಎರಡು ಹೊತ್ತು ಬರುತ್ತಾನೆ. ಅವನು ದೇವಡಿ ದಾಟಬಹುದೆಂದು ಫುಪ್ಪಮ್ಮ ಹೇಳಿದರು. ಡಾಕ್ಟರರು ವಾರಕ್ಕೊಮ್ಮೆ. ಜೋಳ ಹಗೇವಿನಿಂದ ತೆಗೆಸಿ ಇಟ್ಟಿದ್ದೇನೆ. ಭಾಯಿಗೆ, ಶನಿವಾರ ಕಲಬುರ್ಗಿ ಸ್ಟೇಶನ್ನಿಗೆ ಬಾ, ಹೈದರಾಬಾದಿನ ತನಕ ಬಿಟ್ಟು ಬಾ ಎಂದು ಹೇಳಿ ಕಳಿಸಿದೆ. ಸಿಟ್ಟಿನಲ್ಲಿದ್ದಾನಂತೆ. ಬರುತ್ತಾನೆ.

೧೩ ಸಪ್ಟೆಂಬರ್, ಶನಿವಾರ. ಕಲಬುರ್ಗಿ ಸ್ಟೇಶನ್

ಗಾಡಿ ತಡ. ಭಾಯಿ ಬಂದಿದ್ದಾನೆ, ಮಾತಾಡುತ್ತಿಲ್ಲ, ಆದರೆ ನೀರಿನ ಹೂಜಿ ತಂದಿದ್ದಾನೆ.

ಬೆಳಿಗ್ಗೆ ಹೊರಡುವಾಗ ಅಬ್ಬಾನ ಹತ್ತಿರ ಹೋದೆ. ಕಲಬುರ್ಗಿಯ ಮೋಟಾರು ಬಿಡುವ ಹೊತ್ತಾಗಿತ್ತು. ಫುಪ್ಪಮ್ಮ ಹೊರಗೆ ಗಂಟು ಕಟ್ಟುತ್ತಿದ್ದರು. ಏನೂ ಕೇಳಬಾರದು ಎಂದು ಮೊದಲೇ ನಿಶ್ಚಯ ಮಾಡಿದ್ದೆ. ಕೇಳಿದರೆ ಹೂಂ ಬರುತ್ತದೆ, ಅದು ನನಗೆ ಬೇಡ. ಹೋಗುವುದಂತೂ ಹೋಗುತ್ತೇನೆ, ಅವರ ಒಪ್ಪಿಗೆ ಇರಲಿ ಬಿಡಲಿ. ಆದರೂ ನನಗೆ ಅವರದೇ ಬೇಕಿತ್ತು. ಫುಪ್ಪಮ್ಮ ಕೊಟ್ಟರು, ದೊಡ್ಡ ಮನಸ್ಸು. ಅಬ್ಬಾನದು ಬೇರೆ.

"ಅಬ್ಬಾ, ನಾ ಹೈದರಾಬಾದಕ್ಕ ಹೊಂಟೇನಿ. ಬೇಸಿಗಿಗೆ ಬರ್ತೇನಿ" ಅಂದೆ. ಅಷ್ಟೇ. ಬೇಸಿಗೆಗೆ ಅವರು ಇರುತ್ತಾರೆಂದು ಡಾಕ್ಟರರು ಹೇಳಿಲ್ಲ, ಇರುವುದಿಲ್ಲ ಎಂದೂ ಹೇಳಿಲ್ಲ.

ಅಬ್ಬಾ ಏನೂ ಅನ್ನಲಿಲ್ಲ. ನನ್ನನ್ನು ನೋಡುತ್ತಿದ್ದರು. ಕಾಲು ಮುಟ್ಟಲು ಬಗ್ಗಿದಾಗ ಓಢಣಿ ತಲೆಯಿಂದ ಜಾರಿತು. ಅವರ ಎಡಗೈ ಮೆಲ್ಲಗೆ ಮೇಲೆ ಬಂತು, ಓಢಣಿಯ ಅಂಚು ಹುಡುಕಿತು, ಹಿಡಿಯಲು ಆಗದೆ ಬಿದ್ದಿತು, ಮತ್ತೆ ಬಂತು. ಮೂರನೆಯ ಸಲಕ್ಕೆ ಹಿಡಿದು, ಹಣೆಯ ತನಕ ಎಳೆದು ಸರಿಯಾಗಿ ಹೊದಿಸಿದರು. ಮನೆಯಲ್ಲಿ ಕೂರುವ ಮಗಳಿಗೆ ಅಪ್ಪ ಹಾಗೆ ಹೊದಿಸುವುದಿಲ್ಲ. ಹೊರಗೆ ಹೊರಟವಳಿಗೆ ಹೊದಿಸುತ್ತಾನೆ.

ಆಮೇಲೆ ನಾನು ಎದ್ದು ಬಂದೆ.